ಡ್ರೋನ್ ಲೆನ್ಸ್ ಮುಂದಿನ ಕಪ್ಪು ಗಾಜು: ಎನ್‌ಡಿ ಫಿಲ್ಟರ್ ಲೆಕ್ಕ

ಚಿತ್ರದುರ್ಗದ ಸುತ್ತಲಿನ ಗುಡ್ಡಗಳ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳ ಡ್ರೋನ್ ವಿಡಿಯೋಗಳಿಗೆ ಈಗ ಬರವಿಲ್ಲ. ಅಂಥ ಎರಡು ವಿಡಿಯೋಗಳನ್ನು ಒಂದಾದ ಮೇಲೆ ಒಂದು ನೋಡಿ. ಒಂದರಲ್ಲಿ ರೆಕ್ಕೆ ನುಣ್ಣಗೆ, ಎಲ್ಲೂ ತಡೆಯಿಲ್ಲದೆ ಸುತ್ತುತ್ತದೆ. ಇನ್ನೊಂದರಲ್ಲಿ ಅದೇ ರೆಕ್ಕೆ ಒಂದು ಜಾಗದಿಂದ ಇನ್ನೊಂದಕ್ಕೆ ನೆಗೆದು ನೆಗೆದು ಹೋಗುತ್ತದೆ. ಡ್ರೋನ್ ಎರಡಕ್ಕೂ ಒಂದೇ ಇರಬಹುದು, ಬಿಸಿಲೂ ಅಷ್ಟೇ ಇರಬಹುದು. ವ್ಯತ್ಯಾಸ ಮಾಡಿದ್ದು ಲೆನ್ಸ್ ಮುಂದೆ ಕೂತ ಒಂದು ಚಿಕ್ಕ ಕಪ್ಪು ಗಾಜು.

ಅದೇ ಎನ್‌ಡಿ ಫಿಲ್ಟರ್. ಪೂರ್ತಿ ಹೆಸರು ನ್ಯೂಟ್ರಲ್ ಡೆನ್ಸಿಟಿ ಫಿಲ್ಟರ್. ಬಣ್ಣ ಬದಲಿಸದೆ ಬೆಳಕನ್ನು ಮಾತ್ರ ಕಡಿಮೆ ಮಾಡುವುದು ಅದರ ಕೆಲಸ. ಕೆಂಪು, ಹಸಿರು, ನೀಲಿ ಎಲ್ಲವನ್ನೂ ಒಂದೇ ಪ್ರಮಾಣದಲ್ಲಿ ತಡೆಯುತ್ತದೆ. ಅದು ಆಕಾಶವನ್ನು ನೀಲಿ ಮಾಡುವುದಿಲ್ಲ, ಹಸಿರನ್ನು ದಟ್ಟ ಮಾಡುವುದಿಲ್ಲ, ಚಿತ್ರವನ್ನು ಇನ್ನಷ್ಟು ಶಾರ್ಪ್ ಕೂಡ ಮಾಡುವುದಿಲ್ಲ. ಹಾಗೆಲ್ಲ ಹೇಳಿ ಮಾರುವವರಿದ್ದಾರೆ. ಬೆಳಕು ಕಡಿಮೆಯಾದರೆ ವಿಡಿಯೋ ಯಾಕೆ ಚೆನ್ನಾಗಿ ಬರಬೇಕು ಅನ್ನುವುದೇ ಇಲ್ಲಿರುವ ನಿಜವಾದ ಪ್ರಶ್ನೆ.

ರೆಕ್ಕೆಯ ಲೆಕ್ಕವನ್ನೇ ಮಾಡಿ ನೋಡೋಣ. ರೆಕ್ಕೆ 40 ಮೀಟರ್ ಉದ್ದ, ನಿಮಿಷಕ್ಕೆ 15 ಸುತ್ತು ಅಂತ ಇಟ್ಟುಕೊಳ್ಳಿ. ನೆಲದಿಂದ ನೋಡಿದರೆ ತುಂಬಾ ಸೋಮಾರಿ ಅನ್ನಿಸುತ್ತದೆ. ಆದರೆ ರೆಕ್ಕೆಯ ತುದಿ ಸೆಕೆಂಡಿಗೆ 60 ಮೀಟರ್‌ಗಿಂತ ಸ್ವಲ್ಪ ಜಾಸ್ತಿಯೇ ಓಡುತ್ತಿರುತ್ತದೆ. ಗಂಟೆಯ ಲೆಕ್ಕದಲ್ಲಿ 200 ಕಿಲೋಮೀಟರ್ ದಾಟಿತು. ನೀವು ಸೆಕೆಂಡಿಗೆ 25 ಫ್ರೇಮ್‌ನಂತೆ ವಿಡಿಯೋ ತೆಗೆಯುತ್ತಿದ್ದರೆ, ಒಂದು ಫ್ರೇಮ್‌ನಿಂದ ಮುಂದಿನ ಫ್ರೇಮ್‌ಗೆ ಬರುವಷ್ಟರಲ್ಲಿ ಆ ತುದಿ ಸುಮಾರು ಎರಡೂವರೆ ಮೀಟರ್ ಮುಂದೆ ಹೋಗಿರುತ್ತದೆ.

ಈಗ ಶಟರ್ ನೋಡಿ, ಅಂದರೆ ಪ್ರತಿ ಫ್ರೇಮ್‌ಗೆ ಕ್ಯಾಮೆರಾ ಬೆಳಕು ಬಿಟ್ಟುಕೊಳ್ಳುವ ಹೊತ್ತು. ಬಿಸಿಲಿನಲ್ಲಿ ಡ್ರೋನ್ ಆಟೋದಲ್ಲಿದ್ದರೆ ಶಟರ್ ಸ್ಪೀಡ್ ಸುಲಭವಾಗಿ 1/2000 ಸೆಕೆಂಡಿಗೆ ಹೋಗುತ್ತದೆ. ಅಷ್ಟು ಹೊತ್ತಿನಲ್ಲಿ ತುದಿ ಸರಿಯುವುದು 3 ಸೆಂಟಿಮೀಟರ್. ಅಂದರೆ ಎರಡೂವರೆ ಮೀಟರ್ ಪ್ರಯಾಣದಲ್ಲಿ ಕ್ಯಾಮೆರಾ ಕಂಡದ್ದು ಬರೀ 3 ಸೆಂಟಿಮೀಟರ್. ಉಳಿದದ್ದು ಎಲ್ಲೂ ದಾಖಲಾಗಲೇ ಇಲ್ಲ. ಪ್ರತಿ ಫ್ರೇಮ್ ಒಂದೊಂದು ಚೂಪಾದ ಫೋಟೋ ಆಗಿರುತ್ತದೆ, ಆದರೆ ಒಂದಕ್ಕೂ ಇನ್ನೊಂದಕ್ಕೂ ನಡುವೆ ದೊಡ್ಡ ಖಾಲಿ. ಕಣ್ಣಿಗೆ ನೆಗೆತ ಕಾಣುವುದು ಅದಕ್ಕೇ. ಶಟರ್ 1/50ಕ್ಕೆ ಇಳಿದರೆ ತುದಿಯ ಒಂದೂಕಾಲು ಮೀಟರ್ ಓಟ ಫ್ರೇಮ್‌ನಲ್ಲಿ ಮಸುಕಾಗಿ ಎಳೆದುಕೊಂಡು ಬರುತ್ತದೆ. ಅರ್ಧ ದಾರಿ ದಾಖಲಾಯಿತು, ಅರ್ಧ ಖಾಲಿ. ಆ ಮಸುಕೇ ಒಂದು ಫ್ರೇಮನ್ನು ಮುಂದಿನದಕ್ಕೆ ಹೊಲಿಯುತ್ತದೆ.

ಈ ಅರ್ಧದ ಲೆಕ್ಕ ಡ್ರೋನ್‌ನವರು ಕಂಡುಹಿಡಿದದ್ದಲ್ಲ. ಫಿಲ್ಮ್ ರೀಲಿನ ಕ್ಯಾಮೆರಾಗಳಲ್ಲಿ ಶಟರ್ ಅಂದರೆ ತಿರುಗುವ ಒಂದು ತಟ್ಟೆ. ಸಾಮಾನ್ಯವಾಗಿ ಅದರ ಅರ್ಧ ಭಾಗ, ಅಂದರೆ 180 ಡಿಗ್ರಿ, ತೆರೆದಿರುತ್ತಿತ್ತು. ತಟ್ಟೆ ಒಂದು ಸುತ್ತು ಬಂದರೆ ಒಂದು ಫ್ರೇಮ್. ಅರ್ಧ ಸುತ್ತು ಬೆಳಕು ಬೀಳುತ್ತದೆ, ಉಳಿದರ್ಧ ಸುತ್ತಿನಲ್ಲಿ ಫಿಲ್ಮ್ ಮುಂದಕ್ಕೆ ಸರಿಯುತ್ತದೆ. ಹೀಗೆ ದಶಕಗಟ್ಟಲೆ ಸಿನಿಮಾ ನೋಡಿ ನಮ್ಮ ಕಣ್ಣಿಗೆ ಆ ಪ್ರಮಾಣದ ಮಸುಕು ಒಗ್ಗಿಹೋಗಿದೆ. ಅದಕ್ಕೇ ಇವತ್ತಿಗೂ ಇದನ್ನು 180 ಡಿಗ್ರಿ ನಿಯಮ ಅನ್ನುತ್ತಾರೆ. ಫ್ರೇಮ್ ಸಂಖ್ಯೆಯ ಎರಡರಷ್ಟು ಶಟರ್ ಇಡಬೇಕು. 25 ಫ್ರೇಮ್‌ಗೆ 1/50, 30ಕ್ಕೆ 1/60, 50ಕ್ಕೆ 1/100.

ನೆಲದ ಮೇಲಿನ ದೊಡ್ಡ ಕ್ಯಾಮೆರಾದಲ್ಲಿ ಶಟರ್ ಇಳಿಸಿದರೆ ಅಪರ್ಚರ್, ಅಂದರೆ ಲೆನ್ಸ್‌ನಲ್ಲಿ ಬೆಳಕು ಒಳಬರುವ ತೂತು, ಸಣ್ಣ ಮಾಡಿ ಬೆಳಕು ಸರಿದೂಗಿಸಬಹುದು. ಸಣ್ಣ ಡ್ರೋನ್‌ಗಳಲ್ಲಿ ಆ ದಾರಿ ಇಲ್ಲ. ಡಿಜೆಐ ಕಂಪನಿಯ ಮಿನಿ 2 ಡ್ರೋನ್‌ನ ಅಪರ್ಚರ್ ಎಫ್/2.8, ಮಿನಿ 3 ಮತ್ತು ಮಿನಿ 4 ಪ್ರೊಗಳದ್ದು ಎಫ್/1.7 (ಸಂಖ್ಯೆ ಸಣ್ಣದಾದಷ್ಟೂ ತೂತು ದೊಡ್ಡದು). ಅದು ಅಲ್ಲೇ ಕಾಯಂ, ಬದಲಿಸಲು ಬರುವುದಿಲ್ಲ. ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಳತೆಯಾದ ಐಎಸ್‌ಒ 100ಕ್ಕಿಂತ ಕೆಳಗೆ ಹೋಗುವುದಿಲ್ಲ. ಹಾಗಾಗಿ ಬೆಳಕು ಜಾಸ್ತಿಯಾದಾಗ ಡ್ರೋನ್ ಕೈಯಲ್ಲಿ ಉಳಿಯುವುದು ಶಟರ್ ಒಂದೇ. ದಾವಣಗೆರೆ ಕಡೆ ಭದ್ರಾ ನಾಲೆಯ ನೀರು ಗದ್ದೆಗೆ ಕಟ್ಟುವವರಿಗೆ ಈ ಸಂಕಟ ಬೇಗ ಅರ್ಥವಾಗುತ್ತದೆ. ಗದ್ದೆಗೆ ಬೇಕಾದ ನೀರು ಇಷ್ಟು ಅಂತ ಇದೆ. ತೂಬು ಪೂರ್ತಿ ತೆರೆದೇ ಇದ್ದರೆ ಗದ್ದೆ ಬೇಗ ತುಂಬುತ್ತದೆ, ಬೇಗ ನೀರು ತಿರುಗಿಸಬೇಕು. ನಿಧಾನವಾಗಿ ತುಂಬಿಸಬೇಕು ಅಂದರೆ ಹರಿವು ತಗ್ಗಿಸಬೇಕು. ತೂಬು ತಿರುಗಿಸಲು ಬಾರದಿದ್ದರೆ ಮುಂದೆ ಒಂದು ಹಲಗೆ ಇಡಬೇಕು. ಎನ್‌ಡಿ ಆ ಹಲಗೆ.

ಮ್ಯಾವಿಕ್ 3ರಂಥ ದೊಡ್ಡ ಡ್ರೋನ್‌ಗಳಲ್ಲಿ ಅಪರ್ಚರ್ ಎಫ್/2.8ರಿಂದ ಎಫ್/11ರವರೆಗೆ ಬದಲಾಗುತ್ತದಲ್ಲ, ಅವಕ್ಕೆ ಫಿಲ್ಟರ್ ಯಾಕೆ ಅಂತ ಕೇಳಬಹುದು. ಎಫ್/11ಕ್ಕೆ ಹೋದರೆ ಬೆಳಕು ಆ ಸಣ್ಣ ತೂತಿನ ಅಂಚಿನಲ್ಲಿ ಬಾಗಿ ಹರಡುತ್ತದೆ, ಇಡೀ ಚಿತ್ರ ಮೆತ್ತಗಾಗುತ್ತದೆ. ಎಫ್/4, ಎಫ್/5.6ರ ಆಸುಪಾಸಿನಲ್ಲಿ ಇಟ್ಟು ಉಳಿದದ್ದನ್ನು ಫಿಲ್ಟರ್‌ಗೆ ಬಿಡುವುದೇ ಒಳ್ಳೆಯದು.

ಯಾವ ನಂಬರ್ ಹಾಕಬೇಕು?

ಹೊಸಬರನ್ನು ಹೆದರಿಸುವುದು ಈ ಪ್ರಶ್ನೆಯೇ. ಎನ್‌ಡಿ 8, 16, 32, 64 ಅಂತ ಡಬ್ಬಿಯಲ್ಲಿ ನಾಲ್ಕು ಗಾಜು ಬಂದಿರುತ್ತದೆ. ಬೆಳಿಗ್ಗೆಗೆ ಇದು, ಮಧ್ಯಾಹ್ನಕ್ಕೆ ಅದು ಅಂತ ಒಂದು ಪಟ್ಟಿಯೂ ಇರುತ್ತದೆ. ಆ ಪಟ್ಟಿಯನ್ನು ಮರೆತುಬಿಡಿ. ಅದನ್ನು ಬರೆದವರಿಗೆ ಚಿತ್ರದುರ್ಗದ ಏಪ್ರಿಲ್ ಬಿಸಿಲೂ ಗೊತ್ತಿಲ್ಲ, ನಿಮ್ಮ ಡ್ರೋನ್‌ನ ಅಪರ್ಚರ್ ಕೂಡ ಗೊತ್ತಿಲ್ಲ.

ಗಾಜಿನ ಮೇಲಿರುವ ಸಂಖ್ಯೆ ಬರೀ ಭಾಗಾಕಾರ. ಎನ್‌ಡಿ 16 ಅಂದರೆ ಬಂದ ಬೆಳಕಿನಲ್ಲಿ ಹದಿನಾರನೇ ಒಂದು ಭಾಗ ಮಾತ್ರ ಒಳಗೆ. ಎನ್‌ಡಿ 64 ಅಂದರೆ ಅರವತ್ತನಾಲ್ಕನೇ ಒಂದು ಭಾಗ. ಹಾಗಾಗಿ ಫಿಲ್ಟರ್ ಹಾಕದೆ ಡ್ರೋನ್ ಮೇಲಕ್ಕೆ ಕಳಿಸಿ, ನೀವು ತೆಗೆಯಬೇಕೆಂದಿರುವ ದೃಶ್ಯದ ಕಡೆಗೇ ತಿರುಗಿಸಿ. ಎಲ್ಲವನ್ನೂ ಕೈಯಿಂದ ಹೊಂದಿಸುವ ಪ್ರೊ ಮೋಡ್‌ನಲ್ಲಿ ಐಎಸ್‌ಒ 100 ಇಟ್ಟು, ಬೆಳಕು ಹೆಚ್ಚೋ ಕಡಿಮೆಯೋ ತೋರಿಸುವ ಎಕ್ಸ್‌ಪೋಷರ್ ಮೀಟರ್ ಸೊನ್ನೆಗೆ ಬರುವವರೆಗೆ ಶಟರ್ ಬದಲಿಸಿ. 1/1600 ಬಂತು ಅನ್ನಿ. ನಿಮಗೆ ಬೇಕಾದದ್ದು 1/50. 1600ನ್ನು 50ರಿಂದ ಭಾಗಿಸಿದರೆ 32. ಎನ್‌ಡಿ 32 ಹಾಕಿ, ಮುಗಿಯಿತು. 1/800 ತೋರಿಸಿದರೆ 16, 1/3200 ತೋರಿಸಿದರೆ 64. ನೀವು 30 ಫ್ರೇಮ್‌ನಲ್ಲಿ ತೆಗೆಯುವವರಾದರೆ 60ರಿಂದ ಭಾಗಿಸಿ. ಉತ್ತರ ಸರಿಯಾಗಿ ಕೂರದಿದ್ದರೆ ಹತ್ತಿರದ ಫಿಲ್ಟರ್ ತೆಗೆದುಕೊಳ್ಳಿ. ಇದಕ್ಕಿಂತ ದೊಡ್ಡ ಗಣಿತ ಇದರಲ್ಲಿಲ್ಲ.

ಒಂದು ಗೊಂದಲ ಮಾತ್ರ ಇದೆ. ಕೆಲವು ಕಂಪನಿಗಳು 8, 16 ಅಂತ ಬರೆಯದೆ 0.9, 1.2 ಅಂತ ಬರೆಯುತ್ತವೆ. ಬೆಳಕು ಒಂದು ಸಲ ಅರ್ಧವಾಗುವುದಕ್ಕೆ 0.3 ಅನ್ನುವ ಅಳತೆ ಅದು. 0.9 ಅಂದರೆ ಮೂರು ಸಲ ಅರ್ಧ, ಅಂದರೆ ಎನ್‌ಡಿ 8. 1.2 ಅಂದರೆ 16, 1.5 ಅಂದರೆ 32, 1.8 ಅಂದರೆ 64. ಹೀಗೆ ಒಂದು ಸಲ ಅರ್ಧವಾಗುವುದನ್ನೇ ಫೋಟೋಗ್ರಾಫರ್‌ಗಳು ಒಂದು ಸ್ಟಾಪ್ ಅನ್ನುತ್ತಾರೆ.

ಡ್ರೋನ್ ಹಾರಿಸದೆಯೇ ಅಂದಾಜು ಬೇಕಿದ್ದರೆ ಹಳೆಯ ಫಿಲ್ಮ್ ಕಾಲದ ಒಂದು ಸೂತ್ರವಿದೆ. ಮೋಡವಿಲ್ಲದ ಬಿಸಿಲಿನಲ್ಲಿ ಐಎಸ್‌ಒ 100, ಅಪರ್ಚರ್ ಎಫ್/16 ಇದ್ದರೆ ಶಟರ್ ಸುಮಾರು 1/100. ಎಫ್/16ರಿಂದ ಎಫ್/2.8ಕ್ಕೆ ಬರಲು ಐದು ಸ್ಟಾಪ್. 100ನ್ನು ಐದು ಸಲ ದ್ವಿಗುಣ ಮಾಡಿದರೆ 3200. ಅಂದರೆ ಎಫ್/2.8 ಡ್ರೋನ್‌ಗೆ ನಡುಹಗಲಲ್ಲಿ ಎನ್‌ಡಿ 64 ಬೇಕು. ಎಫ್/1.7ಕ್ಕೆ ಇನ್ನೂ ಒಂದೂವರೆ ಸ್ಟಾಪ್ ಬೆಳಕು ಜಾಸ್ತಿ, ಲೆಕ್ಕ 128ರ ಆಚೆಗೇ ಹೋಗುತ್ತದೆ. ಮಿನಿ 4 ಪ್ರೊ ಇಟ್ಟುಕೊಂಡು 8, 16 ಎರಡೇ ಕೊಂಡವರು ಮಧ್ಯಾಹ್ನ ಪರದಾಡುವುದು ಇದಕ್ಕೇ. ನನ್ನ ಕೇಳಿದರೆ ಎಫ್/2.8 ಇದ್ದವರು 16 ಮತ್ತು 64, ಎಫ್/1.7 ಇದ್ದವರು 32 ಮತ್ತು 128 ಮೊದಲು ಕೊಳ್ಳಲಿ. ನಡುವಿನವು ಆಮೇಲೆ ಬೇಕಾದರೆ ನೋಡಿಕೊಂಡರಾಯಿತು.

1/50 ಅನ್ನುವುದನ್ನು ವ್ರತದ ಥರ ಪಾಲಿಸಬೇಕಿಲ್ಲ. 1/100ರಲ್ಲಿ ತೆಗೆದದ್ದನ್ನೂ ಹೆಚ್ಚಿನವರ ಕಣ್ಣು ಒಪ್ಪಿಕೊಳ್ಳುತ್ತದೆ. ಅದರಲ್ಲೂ ಆಷಾಢದಲ್ಲಿ ನಮ್ಮ ಕಡೆ ಮೋಡ ಓಡುತ್ತಾ ಇರುತ್ತದೆ. ಈಗ ಬಿಸಿಲು, ಮರುಕ್ಷಣ ನೆರಳು. ಬಿಸಿಲಿನ ಲೆಕ್ಕದಲ್ಲಿ ದಟ್ಟ ಫಿಲ್ಟರ್ ಹಾಕಿದ್ದರೆ ಮೋಡ ಬಂದ ತಕ್ಷಣ ಐಎಸ್‌ಒ ಏರಿಸಬೇಕಾಗುತ್ತದೆ. ಸಣ್ಣ ಸೆನ್ಸರ್‌ನಲ್ಲಿ ನೆರಳಿನ ಜಾಗವೆಲ್ಲ ಮರಳು ಮರಳಾಗಿ ಕಾಣುತ್ತದೆ. ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ತಾನೇ ಏರಿಸಿಬಿಡುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಅಂಥ ದಿನ ಒಂದು ಸ್ಟಾಪ್ ಕಡಿಮೆ ಫಿಲ್ಟರ್ ಹಾಕುವುದು ಜಾಣತನ. ಶಟರ್ ಸ್ವಲ್ಪ ವೇಗವಾಗಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಆ ಮರಳು, ಅಂದರೆ ನಾಯ್ಸ್, ಬಂದರೆ ಎಲ್ಲರಿಗೂ ಕಾಣುತ್ತದೆ.

ಎತ್ತರ ಹೋದಷ್ಟೂ ಫಿಲ್ಟರ್ ಕೆಲಸ ಕಮ್ಮಿ

ಇದನ್ನು ಫಿಲ್ಟರ್ ಮಾರುವವರು ಹೇಳುವುದಿಲ್ಲ. ದಾವಣಗೆರೆ ಸುತ್ತಲಿನ ಮೆಕ್ಕೆಜೋಳದ ಹೊಲದ ಮೇಲೆ 100 ಮೀಟರ್ ಎತ್ತರದಲ್ಲಿ, ಕ್ಯಾಮೆರಾ ನೇರ ಕೆಳಕ್ಕೆ ಮಾಡಿಕೊಂಡು, ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಹೋಗುತ್ತಿದ್ದೀರಿ. ಸಾಮಾನ್ಯ ಡ್ರೋನ್ ಲೆನ್ಸ್‌ಗೆ ಆ ಎತ್ತರದಿಂದ ಸುಮಾರು 150 ಮೀಟರ್ ಅಗಲದ ನೆಲ ಕಾಣುತ್ತದೆ. 4ಕೆ ವಿಡಿಯೋದ ಅಗಲ 3840 ಪಿಕ್ಸೆಲ್. ಅಂದರೆ ಒಂದು ಮೀಟರ್ ನೆಲಕ್ಕೆ ಹತ್ತಿರ ಹತ್ತಿರ 25 ಪಿಕ್ಸೆಲ್. ಒಂದು ಫ್ರೇಮ್‌ನಿಂದ ಇನ್ನೊಂದಕ್ಕೆ ಡ್ರೋನ್ ಸರಿಯುವುದು 20 ಸೆಂಟಿಮೀಟರ್, ಪರದೆಯ ಮೇಲೆ 5 ಪಿಕ್ಸೆಲ್. 1/50 ಶಟರ್ ಇಟ್ಟರೆ ಬರುವ ಮಸುಕು ಎರಡೂವರೆ ಪಿಕ್ಸೆಲ್. ಇದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಅದೇ ಹೊಲದ ಮೇಲೆ 5 ಮೀಟರ್‌ಗೆ ಇಳಿಯಿರಿ. ಈಗ ಕಾಣುವುದು ಏಳೂವರೆ ಮೀಟರ್ ನೆಲ. ಅದೇ ವೇಗದಲ್ಲಿ ಹೋದರೂ ಫ್ರೇಮ್‌ನಿಂದ ಫ್ರೇಮ್‌ಗೆ 100 ಪಿಕ್ಸೆಲ್ ನೆಗೆತ. ಇಲ್ಲಿ ವೇಗದ ಶಟರ್ ಇಟ್ಟರೆ ಜೋಳದ ಗರಿ ಒಂದೊಂದೂ ಕಣ್ಣಿಗೆ ಚುಚ್ಚುತ್ತದೆ, ನೋಡುವವರಿಗೆ ತಲೆ ಸುತ್ತುತ್ತದೆ. ಇಲ್ಲಿ ಫಿಲ್ಟರ್ ಬೇಕೇ ಬೇಕು. ಚನ್ನಗಿರಿ ಕಡೆಯ ಅಡಿಕೆ ತೋಟದ ಸಾಲಿನೊಳಗೆ ನುಗ್ಗುವ ಶಾಟ್, ಕೆರೆ ಏರಿಯ ಮೇಲೆ ಬೈಕ್ ಹಿಂಬಾಲಿಸುವ ಶಾಟ್, ನೀರನ್ನು ಸವರಿಕೊಂಡು ಹೋಗುವ ಶಾಟ್, ಇವೆಲ್ಲ ಇದೇ ಗುಂಪು. ಮದುವೆಗೆ ಮುಂಚಿನ ಶೂಟಿಂಗ್‌ನಲ್ಲಿ ಜೋಡಿಯ ಸುತ್ತ ಡ್ರೋನ್ ಸುತ್ತಿಸುತ್ತಾರಲ್ಲ, ಅಲ್ಲೂ ಹಿಂದಿನ ಗಿಡಮರ ವೇಗವಾಗಿ ಸರಿಯುವುದರಿಂದ ಫಿಲ್ಟರ್ ಇದ್ದದ್ದು ಇಲ್ಲದ್ದು ಥಟ್ಟನೆ ಗೊತ್ತಾಗುತ್ತದೆ. ದೂರದಿಂದ ಇಡೀ ಊರು ತೋರಿಸುವ ಶಾಟ್‌ಗೆ ಮಾತ್ರ ಅದರ ಚಿಂತೆಯೇ ಬೇಡ.

ಎತ್ತರದಲ್ಲೂ ಫಿಲ್ಟರ್ ಉಪಯೋಗಕ್ಕೆ ಬರುವ ಒಂದು ಸಂದರ್ಭ ಇದೆ. ಸೂರ್ಯನ ಕಡೆ ಮುಖ ಮಾಡಿ ಹಾರುವಾಗ ಡ್ರೋನ್‌ನ ಸ್ವಂತ ರೆಕ್ಕೆಗಳ ನೆರಳು ಲೆನ್ಸ್ ಮೇಲೆ ಬೀಳುತ್ತದೆ. ಸೆನ್ಸರ್ ಚಿತ್ರವನ್ನು ಒಟ್ಟಿಗೆ ಓದುವುದಿಲ್ಲ, ಸಾಲು ಸಾಲಾಗಿ ಓದುತ್ತದೆ. ಶಟರ್ ವೇಗವಾಗಿದ್ದರೆ ನೆರಳು ಕೆಲವು ಸಾಲಿಗೆ ಬಿದ್ದು ಕೆಲವಕ್ಕೆ ಬೀಳದೆ, ವಿಡಿಯೋದಲ್ಲಿ ಕಪ್ಪು ಪಟ್ಟೆಗಳು ಓಡಾಡುತ್ತವೆ. ಶಟರ್ ನಿಧಾನವಾದರೆ ಆ ನೆರಳು ಎಲ್ಲ ಸಾಲುಗಳಿಗೂ ಹಂಚಿಹೋಗುತ್ತದೆ. ಪೂರ್ತಿ ಹೋಗದಿದ್ದರೆ ಕ್ಯಾಮೆರಾ ಸ್ವಲ್ಪ ಕೆಳಕ್ಕೆ ಬಾಗಿಸಿ, ಅಥವಾ ಹಾರುವ ದಿಕ್ಕು ಬದಲಿಸಿ.

ಫೋಟೋಗೆ?

ಹಗಲಿನ ಫೋಟೋಗೆ ಎನ್‌ಡಿ ಬೇಡ. ಫೋಟೋದಲ್ಲಿ ಮುಂದಿನ ಫ್ರೇಮ್ ಅನ್ನುವುದೇ ಇಲ್ಲವಲ್ಲ, ಶಟರ್ ಎಷ್ಟು ವೇಗವಾಗಿದ್ದರೆ ಅಷ್ಟು ಒಳ್ಳೆಯದು. ಗಾಳಿಗೆ ಅಲುಗುವ ಡ್ರೋನ್‌ನಲ್ಲಿ 1/50ರ ಫೋಟೋ ತೆಗೆದು, ಬಂಡೆಗಳೆಲ್ಲ ಮೆತ್ತಗಾಗಿವೆ ಅಂತ ಕೊರಗುವವರು ಬಹಳ ಜನ. ಬೆಳಗ್ಗೆ ವಿಡಿಯೋಗೆ ಹಾಕಿದ ಫಿಲ್ಟರ್ ತೆಗೆಯಲು ಸೋಮಾರಿತನ, ಅಷ್ಟೇ.

ಬೇಕೆಂದೇ ಮಸುಕು ಮಾಡುವಾಗ ಮಾತ್ರ ಎನ್‌ಡಿ ಕೆಲಸಕ್ಕೆ ಬರುತ್ತದೆ. 1907ರಲ್ಲಿ ಮುಗಿದ ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅಂಥ ನೀರಿನ ಧಾರೆ ಹಾಲಿನಂತೆ ನುಣ್ಣಗೆ ಕಾಣಬೇಕಾದರೆ ಶಟರ್ ಅರ್ಧ ಸೆಕೆಂಡೋ ಒಂದು ಸೆಕೆಂಡೋ ತೆರೆದಿರಬೇಕು. ಹಗಲು ಹೊತ್ತಿನಲ್ಲಿ 1/3200ರಿಂದ ಅರ್ಧ ಸೆಕೆಂಡಿಗೆ ಬರಲು 1600ರಿಂದ ಭಾಗಿಸಬೇಕು. ಎನ್‌ಡಿ 1000 ಕೂಡ ಸಾಲುವುದಿಲ್ಲ. ಹಾಗಾಗಿ ಸಂಜೆ ಬೆಳಕು ಇಳಿದ ಮೇಲೆ, ಗಾಳಿ ಇಲ್ಲದಾಗ ಎನ್‌ಡಿ 64 ಹಾಕಿ ತೆಗೆಯುವುದು ಸುಲಭದ ದಾರಿ. ಒಂದೇ ಜಾಗದಲ್ಲಿ ನಿಂತು ಹತ್ತಾರು ಫೋಟೋ ತೆಗೆದರೆ ಒಂದೆರಡಾದರೂ ಅಲುಗದೆ ಬಂದಿರುತ್ತವೆ.

ಡಬ್ಬಿಯಲ್ಲಿ ಕೆಲವೊಮ್ಮೆ ಎನ್‌ಡಿ-ಪಿಎಲ್ ಅಂತ ಇನ್ನೊಂದು ಜಾತಿ ಇರುತ್ತದೆ. ಎನ್‌ಡಿ ಜೊತೆಗೆ ಪೋಲರೈಸರ್ ಸೇರಿದ್ದು. ನೀರಿನ ಮೇಲಿನ ಹೊಳಪು, ಭತ್ತದ ಗರಿ, ಅಡಿಕೆ ಸೋಗೆ ಇವುಗಳ ಮೇಲಿನ ಬಿಳಿ ಮಿಂಚು ತೆಗೆದು ಬಣ್ಣ ದಟ್ಟ ಮಾಡುವುದು ಇದು, ಎನ್‌ಡಿ ಅಲ್ಲ. ಆದರೆ ಡ್ರೋನ್‌ನಲ್ಲಿ ಇದಕ್ಕೆ ತೊಡಕು ಜಾಸ್ತಿ. ಪೋಲರೈಸರ್ ಯಾವ ಕೋನಕ್ಕೆ ತಿರುಗಿದೆ, ಬೆಳಕು ಯಾವ ಕಡೆಯಿಂದ ಬರುತ್ತಿದೆ ಅನ್ನುವುದರ ಮೇಲೆ ಅದರ ಪರಿಣಾಮ ನಿಂತಿದೆ. ಮೇಲೆ ಹೋದ ಮೇಲೆ ತಿರುಗಿಸಲು ಆಗುವುದಿಲ್ಲ. ದಾವಣಗೆರೆಯ ಕುಂದುವಾಡ ಕೆರೆಯ ಮೇಲೆ ಡ್ರೋನ್ ಅರ್ಧ ಸುತ್ತು ಹೊಡೆದರೆ ಒಂದೇ ಶಾಟ್‌ನಲ್ಲಿ ನೀರು ಒಮ್ಮೆ ಕಪ್ಪು, ಒಮ್ಮೆ ಬೆಳ್ಳಿ. ನೀರಿನ ಹೊಳಪು ಚೆನ್ನಾಗಿ ಕಟ್ ಆಗುವುದು ನೇರ ಕೆಳಗಿನ ನೋಟದಿಂದ ಸುಮಾರು 53 ಡಿಗ್ರಿ ಓರೆಯಲ್ಲಿ ನೋಡಿದಾಗ. ಕ್ಯಾಮೆರಾ ನೇರ ಕೆಳಕ್ಕೆ ಮಾಡಿದರೆ ಪೋಲರೈಸರ್ ಇದ್ದೂ ಪ್ರಯೋಜನವಿಲ್ಲ. ನೇರವಾಗಿ ಒಂದೇ ದಿಕ್ಕಿನಲ್ಲಿ ಹೋಗುವ ಶಾಟ್‌ಗೆ ಸರಿ, ಸುತ್ತುವ ಶಾಟ್‌ಗೆ ಬೇಡ.

ತಿರುಗಿಸಿ ದಟ್ಟತನ ಬದಲಿಸುವ ವೇರಿಯಬಲ್ ಎನ್‌ಡಿ ಕೂಡ ಒಳಗೆ ಎರಡು ಪೋಲರೈಸರ್‌ಗಳೇ. ಅದನ್ನು ಕೊನೆಯವರೆಗೆ ತಿರುಗಿಸಿದರೆ ವೈಡ್ ಲೆನ್ಸ್‌ನಲ್ಲಿ ಅಡ್ಡ ಕತ್ತರಿಯಾಕಾರದ ಕಪ್ಪು ನೆರಳು ಬೀಳುತ್ತದೆ. ಡ್ರೋನ್‌ಗೆ ಬಿಡಿ ಫಿಲ್ಟರ್‌ಗಳೇ ವಾಸಿ.

ಹಾಕುವಾಗಲೂ ಸ್ವಲ್ಪ ನಾಜೂಕು ಬೇಕು. ಕ್ಯಾಮೆರಾ ಅಲುಗದಂತೆ ಹಿಡಿಯುವ ಗಿಂಬಲ್‌ನ ಮೋಟಾರ್ ತುಂಬಾ ಸಣ್ಣದು, ಕೆಲವೇ ಗ್ರಾಂ ಸಮತೋಲನದ ಮೇಲೆ ನಿಂತಿದೆ. ಬೇರೆ ಮಾದರಿಯ ಫಿಲ್ಟರ್ ಬಲವಂತವಾಗಿ ಕೂರಿಸಿದರೆ ಮೋಟಾರ್ ಓವರ್‌ಲೋಡ್ ಅಂತ ಪರದೆ ಮೇಲೆ ಎಚ್ಚರಿಕೆ ಬರುತ್ತದೆ. ಡ್ರೋನ್ ಆಫ್ ಇದ್ದಾಗಲೇ, ಕ್ಯಾಮೆರಾವನ್ನು ಬೆರಳಿನಿಂದ ಮೆತ್ತಗೆ ಹಿಡಿದುಕೊಂಡು ಹಾಕಿ, ಆಮೇಲೆ ಆನ್ ಮಾಡಿ. ಆಗ ಗಿಂಬಲ್ ಫಿಲ್ಟರ್‌ನ ತೂಕವನ್ನೂ ಸೇರಿಸಿಕೊಂಡು ತನ್ನನ್ನು ಸರಿಪಡಿಸಿಕೊಳ್ಳುತ್ತದೆ. ಅಗ್ಗದ ದಟ್ಟ ಫಿಲ್ಟರ್‌ಗಳು ಹೆಸರಿಗೆ ನ್ಯೂಟ್ರಲ್. ಚಿತ್ರಕ್ಕೆ ಕಂದು ಛಾಯೆಯನ್ನೋ ಗುಲಾಬಿ ಛಾಯೆಯನ್ನೋ ಅಂಟಿಸಿಬಿಡುತ್ತವೆ. ಬಣ್ಣದ ಹದ ತೀರ್ಮಾನಿಸುವ ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬಿಡದೆ 5500 ಕೆಲ್ವಿನ್ ಸುತ್ತಮುತ್ತ ಕಾಯಂ ಮಾಡಿದರೆ, ಕನಿಷ್ಠ ಎಲ್ಲ ಶಾಟ್‌ಗಳಲ್ಲೂ ಛಾಯೆ ಒಂದೇ ಥರ ಇರುತ್ತದೆ, ಎಡಿಟಿಂಗ್‌ನಲ್ಲಿ ಒಂದೇ ಸಲ ತೆಗೆಯಬಹುದು.

ನಮ್ಮ ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳಲ್ಲಿ ಹಾರಿಸುವವರಿಗೆ ಇನ್ನೊಂದು ಮಾತು. ಡ್ರೋನ್ ಕೊಂಡವರಿಗೆಲ್ಲ ಮೊದಲು ನೆನಪಾಗುವುದು ಏಳು ಸುತ್ತಿನ ಕೋಟೆ. ಅದು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ, ಅನುಮತಿ ಇಲ್ಲದೆ ಅಲ್ಲಿ ಡ್ರೋನ್ ಎತ್ತುವಂತಿಲ್ಲ. ಚಳ್ಳಕೆರೆ ಕಡೆ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ಕೇಂದ್ರ ಇದೆ, ಉದ್ಘಾಟನೆಯಾದದ್ದು 2017ರಲ್ಲಿ. ದೇಶದ ಮಾನವರಹಿತ ವಿಮಾನಗಳನ್ನು ಪರೀಕ್ಷಿಸುವ ಜಾಗ ಅದು, ನಮ್ಮ ಪುಟ್ಟ ಡ್ರೋನ್‌ಗೆ ಮಾತ್ರ ಅಲ್ಲಿ ಕೆಲಸವಿಲ್ಲ! ಹಾರಿಸುವ ಮುಂಚೆ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ತೆರೆದು ಜಾಗ ಅನುಮತಿ ಬೇಡದ ಹಸಿರು ವಲಯವೋ ಅಲ್ಲವೋ ನೋಡಿಕೊಳ್ಳಿ. ಹಸಿರು ವಲಯದಲ್ಲೂ ಮಿತಿ 400 ಅಡಿ, ಅಂದರೆ 120 ಮೀಟರ್. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದ್ದು ನ್ಯಾನೋ ಡ್ರೋನ್, ಅದಕ್ಕೆ ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ಅದಕ್ಕಿಂತ ಭಾರದ ಡ್ರೋನ್‌ನಲ್ಲಿ ದುಡ್ಡಿಗೆ ಮದುವೆ ಶೂಟಿಂಗ್ ಮಾಡುವವರಿಗೆ ಬೇಕು.

ಗುಡ್ಡದ ಮೇಲೆ ಗಾಳಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಗಾಳಿಯಂತ್ರಗಳನ್ನು ಅಲ್ಲೇ ನೆಟ್ಟಿರುವುದು ಅಲ್ಲಿ ಗಾಳಿ ಜೋರು ಅಂತಲೇ ಅಲ್ವಾ? ಮಿನಿ 3, ಮಿನಿ 4 ಪ್ರೊ ಡ್ರೋನ್‌ಗಳು ತಡೆಯುವ ಗಾಳಿ ಸೆಕೆಂಡಿಗೆ 10.7 ಮೀಟರ್, ಗಂಟೆಗೆ 38 ಕಿಲೋಮೀಟರ್ ಚಿಲ್ಲರೆ. ಅದರ ಹತ್ತಿರ ಹೋದರೆ ಡ್ರೋನ್ ಬೀಳದಿದ್ದರೂ ಗಿಂಬಲ್ ನಡುಗುತ್ತದೆ. 1/50 ಶಟರ್‌ನಲ್ಲಿ ಆ ನಡುಕವೂ ಮಸುಕಾಗಿ ಸೇರಿಕೊಳ್ಳುತ್ತದೆ. ಗಾಳಿ ಜೋರಿದ್ದ ದಿನ ನಾನಾದರೆ ಸಣ್ಣ ನಂಬರ್ ಹಾಕಿ 1/100, 1/120ರ ಆಸುಪಾಸಿನಲ್ಲೇ ತೆಗೆಯುತ್ತೇನೆ.

ಸೂರ್ಯ ಮುಳುಗಿದ ಮೇಲೆ ಫಿಲ್ಟರ್ ಡಬ್ಬಿಗೆ ಹೋಗಲಿ, ಆದರೆ 1/50 ಹಾಗೇ ಇರಲಿ. ಅದಕ್ಕೆ ಕಾರಣ ಬೇರೆ. ನಮ್ಮ ದೇಶದ ಕರೆಂಟು 50 ಹರ್ಟ್ಸ್, ಅದರಲ್ಲಿ ಉರಿಯುವ ಬಹಳಷ್ಟು ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ 1/50 ಅಥವಾ 1/100 ಇದ್ದರೆ ಪ್ರತಿ ಫ್ರೇಮ್‌ಗೂ ಒಂದೇ ಲೆಕ್ಕದ ಮಿನುಗು ಬೀಳುತ್ತದೆ. 30 ಫ್ರೇಮ್, 1/60 ಇಟ್ಟುಕೊಂಡರೆ ಕಲ್ಯಾಣ ಮಂಟಪದ ಸೀರಿಯಲ್ ಸೆಟ್, ಬೀದಿಯ ಎಲ್‌ಇಡಿ ದೀಪ ಎಲ್ಲ ವಿಡಿಯೋದಲ್ಲಿ ಪಟಪಟ ಹೊಡೆದುಕೊಳ್ಳುತ್ತವೆ, ಎಡಿಟಿಂಗ್‌ನಲ್ಲಿ ಅದನ್ನು ತೆಗೆಯುವುದು ದೊಡ್ಡ ತಲೆನೋವು. ಕ್ಯಾಮೆರಾ ಡಬ್ಬಿಯಿಂದ ಬಂದಾಗ 30ರಲ್ಲಿದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ 25ಕ್ಕೆ ಬದಲಿಸಿಬಿಡಿ. ಹಗಲಿನ ಭಾಗಾಕಾರಕ್ಕೂ 50 ಅನ್ನುವುದೇ ಸುಲಭದ ಸಂಖ್ಯೆ.